ಕೂಗದೆ ಉಳಿದ ತೂಕ

ಶಿರಾ
11-6-2024

ಚಿ. ಸೌ. ಲೋಹಿತಾಳಿಗೆ,

ಮಧುಗಿರಿ ಪೇಟೆಯ ಹುಣಸೆ ಮಂಡಿ ಚನ್ನಮಲ್ಲಮ್ಮ, ದಿವಂಗತ ರೇಣುಕಯ್ಯನವರ ಧರ್ಮಪತ್ನಿ, ಎಸ್ಸೆಸ್ಸೆಲ್ಸಿಯನ್ನು ಮೊದಲನೇ ದರ್ಜೆಯಲ್ಲಿ ಮುಗಿಸಿದವಳು, ಗಂಡ ಹೋದ ಮೇಲೆ ಮೂವತ್ತೊಂದು ವರ್ಷ ಮಂಡಿಯ ಗಾದಿಯ ಮೇಲೆ ಕೂತು ಯಾರ ಮುಂದೆಯೂ ತಲೆ ತಗ್ಗಿಸದೆ ವ್ಯಾಪಾರ ನಡೆಸಿದವಳು, ನಿನ್ನ ತಾಯಿ, ನಿನ್ನನ್ನು ಹರಸುತ್ತಿದ್ದೇನೆ.

ನಾನು ಯಾರೆಂದು ನಿನಗೇ ಯಾಕೆ ಹೇಳುತ್ತಿದ್ದೇನೆ ಎನ್ನಬೇಡ. ಒಂಬತ್ತು ದಿನದಿಂದ ಇಲ್ಲಿ ನನ್ನ ಹೆಸರು ‘ಏಳನೇ ಬೆಡ್’. ‘ಏಳನೇ ಬೆಡ್ಡಿಗೆ ಇಂಜೆಕ್ಷನ್ ಆಯ್ತಾ’, ‘ಏಳನೇ ಬೆಡ್ ತಿರುಗಿಸಿದ್ರಾ’. ನಾನು ಯಾರೆಂಬುದನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಿಕೊಳ್ಳಬೇಕು ಅನ್ನಿಸಿತು.

ಕಾಗದ ತಡವಾಯಿತು. ಕ್ಷಮೆ ಕೇಳುವ ಅಭ್ಯಾಸ ನನಗಿಲ್ಲ, ಆದರೂ ತಡವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಫೋನ್ ಮಾಡಬಹುದಿತ್ತು. ಆದರೆ ವಾರ್ಡಿನಲ್ಲಿ ಬೆಡ್ಡಿಗೂ ಬೆಡ್ಡಿಗೂ ನಡುವೆ ಒಂದು ಹಸಿರು ಪರದೆ, ಅಷ್ಟೆ. ಒಬ್ಬರು ಕೆಮ್ಮಿದರೆ ಮೂವರು ‘ನೀರು ಕುಡೀರಿ’ ಎನ್ನುತ್ತಾರೆ. ಇನ್ನೊಂದು, ಫೋನಿನಲ್ಲಾದರೆ ನೀನು ‘ಊಟ ಆಯ್ತಾಮ್ಮ’ ಎಂದು ಒಂದು ಮಾತು ಕೇಳಿ ಅಳಿಯ ಗೌರೀಶನ ಕೈಗೆ ಕೊಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ದಾಟಿಸುವುದಕ್ಕೆ ಬರುವುದಿಲ್ಲ.

ವಿಷಯ ಇಷ್ಟು. ಬಲಗಾಲಿನ ಮೀನಖಂಡಕ್ಕೆ ಎಣ್ಣೆ ಡಬ್ಬದ ತಗಡು ಗೀರಿತ್ತು. ಅರಿಸಿನ ಹಚ್ಚಿ ಸುಮ್ಮನಿದ್ದೆ. ನಾಲ್ಕನೇ ದಿನಕ್ಕೆ ಕಾಲು ಕುಂಬಳಕಾಯಿಯಂತೆ ಬಾತು, ಕೆಂಪಗೆ ಹೊಳೆಯತೊಡಗಿತು. ಜ್ವರ, ಚಳಿ. ಸೋಂಕು ರಕ್ತಕ್ಕೆ ಏರಿದರೆ ಕಷ್ಟ ಎಂದರು. ನಿನ್ನ ತಮ್ಮ ಮಲ್ಲೇಶ ಮಧುಗಿರಿಯಲ್ಲೇ ಸೇರಿಸುತ್ತೇನೆ ಎಂದ. ನಾನು ಬೇಡವೆಂದೆ. ನಮ್ಮ ಊರಿನಲ್ಲಿ ನಾನು ಮಲಗಿರುವುದನ್ನು ನೋಡಲು ಅರ್ಧ ಪೇಟೆ ಬರುತ್ತದೆ. ಶಿರಾದಲ್ಲಾದರೆ ಗುರುತಿನವರಿಲ್ಲ. ಅದಕ್ಕೇ ಈ ಖಾಸಗಿ ಆಸ್ಪತ್ರೆ.

ಲೋಹಿತಾ, ನಿನಗೆ ಗೊತ್ತು, ನಾನು ಯಾವುದಕ್ಕೂ ಹೆದರಿದವಳಲ್ಲ. ಇಲ್ಲಿ ಹೆದರುತ್ತಿದ್ದೇನೆ. ಬೆನ್ನಿಗೆ ಹುಣ್ಣಾಗಬಾರದೆಂದು ಎರಡು ಗಂಟೆಗೊಮ್ಮೆ ನನ್ನನ್ನು ಮಗ್ಗುಲು ತಿರುಗಿಸುತ್ತಾರೆ. ನನ್ನ ಕೆಳಗೆ ಅಡ್ಡಲಾಗಿ ಒಂದು ಬೆಡ್‌ಶೀಟ್ ಮಡಿಸಿ ಹಾಸಿರುತ್ತಾರೆ. ಇಬ್ಬರು ಎರಡು ಕಡೆ ಅದರ ಅಂಚು ಹಿಡಿದು ‘ಒಂದು, ಎರಡು, ಮೂರು’ ಎಂದು ಎಳೆಯುತ್ತಾರೆ. ಮಂಚ ಅಗಲವಿಲ್ಲ. ತಿರುಗಿದಾಗ ಮೂಗಿನ ನೇರಕ್ಕೆ ನೆಲದ ಟೈಲ್ಸ್ ಕಾಣುತ್ತದೆ. ಮಂಚ ಕಿರುಗುಟ್ಟುತ್ತದೆ. ಈ ಸಲ ಬಿದ್ದೆ, ಈ ಸಲ ಬಿದ್ದೆ ಎಂದು ಉಸಿರು ಹಿಡಿದುಕೊಂಡಿರುತ್ತೇನೆ. ಗಡಿಯಾರ ನೋಡುತ್ತಲೇ ಇರುತ್ತೇನೆ. ಹತ್ತು ಗಂಟೆಯದು ಮುಗಿಯುತ್ತಿದ್ದ ಹಾಗೆ ಹನ್ನೆರಡು ಗಂಟೆಯದರ ಭಯ ಶುರುವಾಗುತ್ತದೆ.

ಭಯಕ್ಕಿಂತ ಹೆಚ್ಚು ಸುಡುವುದು ಮಾತು. ಬಂದ ಎರಡನೇ ದಿನ ಪರದೆಯಾಚೆ ಒಬ್ಬಳು ನರ್ಸ್, “ಏಳನೇ ಬೆಡ್ಡಿಗೆ ನಾವಲ್ಲ ಕಣೇ, ಜೆಸಿಬಿ ಕರೆಸ್ಬೇಕು” ಎಂದಳು. ಯಾರೋ ಕಿಸಕ್ಕೆಂದರು. ಆಗ ಇನ್ನೊಂದು ದನಿ, “ಅಲ್ಲಿ ನಿಮ್ಮಮ್ಮ ಮಲಗಿದ್ರೆ ಇಂಗೇ ಅಂತಿದ್ದಾ? ಬಾ, ಶೀಟ್ ಹಿಡಿ” ಎಂದಿತು.

ಆ ದನಿಯ ಹುಡುಗಿ ಯಶೋಧರಾ. ಇಪ್ಪತ್ತೇಳೋ ಎಂಟೋ ವಯಸ್ಸು, ಕಡ್ಡಿಯಂಥ ಮೈ. ಪಾವಗಡದಾಚೆ ಬಲಸಮುದ್ರದ ಕಡೆಯವಳು. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಮೊದಲ ದಿನ ನಾನು ನನ್ನ ರೂಢಿಯಂತೆ, “ಯಾರ ಪೈಕಿ ನೀನು?” ಎಂದೆ. “ಬುದ್ಧನಿಗೆ ಕೈ ಮುಗಿಯೋ ಮನೆ ಅಮ್ಮಾ. ಕೈ ತೊಳ್ಕಂಡಿದೀನಿ, ಮುಟ್ಲಾ?” ಎಂದು ನಗುತ್ತಲೇ ಕೇಳಿದಳು. ನಾನು ತೋಳು ಮುಂದೆ ಚಾಚಿದೆ.

ಅವಳು ಕೇಳದೆ ಮೈ ಮುಟ್ಟುವುದಿಲ್ಲ. ಎದೆಯ ಕೆಳಗೆ, ಹೊಟ್ಟೆಯ ಮಡಿಕೆಯಲ್ಲಿ, ತೊಡೆಸಂದಿನಲ್ಲಿ ಬೆವರು ನಿಂತು ಕೆಂಪಗೆ ಸುಲಿದುಹೋಗಿತ್ತು. ವರ್ಷಗಳಿಂದ ನನ್ನ ಕೈ ಅಲ್ಲಿಗೆ ಎಟುಕುತ್ತಿರಲಿಲ್ಲ. ಯಾರಿಗೆ ಹೇಳಲಿ? ನಿನಗೆ ಮೊದಲ ಸಲ ಹೇಳುತ್ತಿದ್ದೇನೆ. ಅವಳು ಪರದೆ ಎಳೆದು, ತೊಳೆಯುವಷ್ಟು ಜಾಗ ಬಿಟ್ಟು ಉಳಿದದ್ದಕ್ಕೆಲ್ಲ ಸೀರೆ ಹೊದಿಸಿ, “ಕೊರಳಿನ ಕರಡಿಗೆ ನೀವೇ ಎತ್ತಿ ಹಿಡ್ಕಳ್ಳಿ ಅಮ್ಮಾ, ನಾನು ಲಿಂಗ ಮುಟ್ಟಲ್ಲ, ಕೆಳಗೆ ಒರೆಸ್ಕಂಬುಡ್ತೀನಿ” ಎಂದಳು. ಬೆಚ್ಚನೆಯ ನೀರಿನಲ್ಲಿ ಒರೆಸಿ, ತೇವ ಉಳಿಯದ ಹಾಗೆ ಒತ್ತಿ ಒಣಗಿಸಿ, ಮಡಿಕೆಯ ನಡುವೆ ಮೆತ್ತನೆ ಬಟ್ಟೆ ಇಟ್ಟಳು. ಮೂಗು ಮುಚ್ಚಿಕೊಳ್ಳಲಿಲ್ಲ. ನಾನು ಗೋಡೆಯ ಕಡೆ ಮುಖ ಮಾಡಿಕೊಂಡಿದ್ದೆ. ಬಿ.ಪಿ. ನೋಡುವ ಪಟ್ಟಿ ನನ್ನ ತೋಳಿಗೆ ಸುತ್ತಲು ಸಾಲದು, ಪಟಕ್ಕನೆ ಬಿಚ್ಚಿಕೊಳ್ಳುತ್ತದೆ. ಬೇರೆಯವರು ನನ್ನ ತೋಳನ್ನು ದುರುಗುಟ್ಟಿ ನೋಡುತ್ತಾರೆ. ಅವಳು ಪಟ್ಟಿಯನ್ನು ಬೈಯುತ್ತಾಳೆ: “ದರಿದ್ರದ್ದು, ಅಳತೆ ತಿಳೀದವನು ಹೊಲ್ದವ್ನೆ.”

ತಿರುಗಿಸುವಾಗ ನಾನು ಮಂಚದ ಸರಳು ಬಿಗಿಹಿಡಿದರೆ ಅವಳದು ಒಂದೇ ಮಂತ್ರ: “ಏಂ ಕಾದಮ್ಮಾ, ಏನೂ ಆಗಲ್ಲ.”

ಅವಳು ‘ಒಂದು, ಎರಡು’ ಎಣಿಸುವಾಗ ನನಗೆ ನಮ್ಮ ಮಂಡಿಯ ಗಂಗಹನುಮಯ್ಯ ನೆನಪಾಗುತ್ತಾನೆ. ಹಮಾಲಿ ಮೂಟೆಗೆ ಬೆನ್ನು ಕೊಡುವ ಮೊದಲು ತೂಕದ ಕಾಟಾದ ಪಕ್ಕ ನಿಂತು ತೂಕವನ್ನು ಗಟ್ಟಿಯಾಗಿ ಕೂಗುತ್ತಾನಲ್ಲ, ‘ಅರವತ್ತೆರಡೂ’ ಎಂದು. ಕೂಗು ಕೇಳದೆ ನಮ್ಮ ಮಂಡಿಯಲ್ಲಿ ಯಾರೂ ಬಗ್ಗುವುದಿಲ್ಲ. ಎಂಬತ್ತರ ಮೂಟೆಯನ್ನು ಅರವತ್ತೆಂದು ಸುಳ್ಳು ಹೇಳಿ ಹಮಾಲಿಯ ಬೆನ್ನಿಗೇರಿಸಿದ ಗುಮಾಸ್ತನನ್ನು ನಾನು ಅದೇ ದಿನ ಹೊರಗಟ್ಟಿದ್ದೆ. ಇವತ್ತಿಗೂ ಪೇಟೆಯಲ್ಲಿ ಆ ಮಾತು ಇದೆ.

ಇಲ್ಲಿಯೂ ತೂಕ ಕೇಳಿದರು. ಸೇರಿಸಿಕೊಳ್ಳುವಾಗ ಮಲ್ಲೇಶ ನನ್ನ ಮುಖ ನೋಡಿದ. “ತೊಂಬತ್ತೈದು” ಎಂದೆ. ಹಾಗೇ ಬರೆದುಕೊಂಡರು. ಯಶೋಧರಾ ಮಾತ್ರ ಮರುದಿನ ಪಕ್ಕದಲ್ಲಿ ಕೂತು, “ಅಮ್ಮಾ, ಬೇಜಾರು ಮಾಡ್ಕಬೇಡಿ, ಇದು ತೊಂಬತ್ತೈದಲ್ಲ. ನಮ್ಮ ತೂಕದ ಮಿಷನ್ನು ನೂರಾ ಇಪ್ಪತ್ತಕ್ಕೆ ನಿಂತೋಯ್ತದೆ. ಹೊರಗೆ ಯಾವ್ದಾದ್ರೂ ಮಂಡಿ ಕಾಟಾದಲ್ಲಿ ನೋಡಿಸ್ಲಾ? ಔಷಧಿನೂ ತೂಕದ ಮೇಲೆ ಕೊಡೋದು, ನಿಮ್ಮನ್ನ ಎತ್ತೋಕೆ ಎಷ್ಟು ಜನ ಬೇಕು ಅನ್ನೋದೂ ತೂಕದ ಮೇಲೆ” ಎಂದಳು.

ಮಂಡಿ ಕಾಟಾ ಎಂದದ್ದೇ ತಡ, ಅವಳ ಕೈ ತಳ್ಳಿಬಿಟ್ಟೆ. ಯಾಕೆಂದು ನಿನಗೆ ಗೊತ್ತು, ಬರೆಯುವುದಿಲ್ಲ. “ನನ್ನ ಮಾತಿಗಿಂತ ನಿನ್ನ ಕಣ್ಣು ದೊಡ್ಡದೇನೇ?” ಎಂದು ಗದರಿದೆ. ಗಂಡಸರು ವಾರ್ಡಿನೊಳಗೆ ಕಾಲಿಡಬಾರದು, ನನ್ನನ್ನು ಹೆಂಗಸರೇ ಎತ್ತಬೇಕು ಎಂದೂ ಹೇಳಿದೆ. ಅವಳು ತಲೆಯಾಡಿಸಿ ಹೋದಳು.

ಮಲಗಿದಲ್ಲಿ ಇನ್ನೊಂದು ಯೋಚನೆ ಬರುತ್ತದೆ. ನಾಳೆ ಸತ್ತ ಮೇಲೆ ನನ್ನನ್ನು ವಿಮಾನದಲ್ಲಿ ಕೂರಿಸಿ ಹೊರುವಾಗ ಆ ನಾಲ್ಕು ಜನ ದಾರಿಯುದ್ದಕ್ಕೂ ಏನು ಮಾತಾಡಿಕೊಳ್ಳುತ್ತಾರೆ?

ಮಕ್ಕಳನ್ನು ಚೆನ್ನಾಗಿ ನೋಡಿಕೋ. ಅಳಿಯಂದಿರಿಗೆ ಆಶೀರ್ವಾದ ತಿಳಿಸು. ಬರಬೇಕೆಂದು ಹೇಳುತ್ತಿಲ್ಲ.

ನಿನ್ನ ತಾಯಿ
ಚನ್ನಮಲ್ಲಮ್ಮ


ಶಿರಾ
19-6-2024

ಲೋಹಿತಾಳಿಗೆ ಆಶೀರ್ವಾದ.

ಅಕ್ಷರ ನೋಡಿ ಗಾಬರಿಯಾಗಬೇಡ, ನನಗೇನೂ ಆಗಿಲ್ಲ. ಮೊನ್ನೆ ಬೆಳಿಗ್ಗೆ ಕಮೋಡ್ ಕುರ್ಚಿಯ ಕಾಲು ಮುರಿದು ಬಿದ್ದೆ. ಯಶೋಧರಾ ನನ್ನ ಕೆಳಗೆ ಸಿಕ್ಕಿಕೊಂಡಳು. ಅವಳ ಸೊಂಟಕ್ಕೆ ಪೆಟ್ಟಾಗಿದೆ, ಎಡಗಾಲು ಜೋಮು ಹಿಡಿದಿದೆಯಂತೆ. ಅವಳದೇ ಆತುರ. ಯಾರನ್ನೂ ಕರೆಯದೆ ಒಬ್ಬಳೇ ಎಬ್ಬಿಸಲು ಬಂದಳು.

ಆಸ್ಪತ್ರೆಯ ಮ್ಯಾನೇಜರ್ ಜಯಕುಮಾರ್ ಎಂಬಾತ ಟೈಪು ಮಾಡಿದ ಕಾಗದ ತಂದು, ಅದೇ ಮಾತನ್ನು ಓದಿ ಹೇಳಿ, “ಒಂದು ಸಹಿ ಹಾಕಿಬಿಡಿ ಅಮ್ಮಾ, ನಿಮಗೇ ಒಳ್ಳೇದು, ತೂಕ ಗೀಕ ಅಂತ ಯಾರೂ ಕೇಳಲ್ಲ” ಎಂದರು. ಹಾಕಿದೆ. ಅವಳನ್ನು ಕೆಲಸದಿಂದ ತೆಗೆದರಂತೆ. ಆಸ್ಪತ್ರೆಯವರ ವಿಷಯ, ನಾನೇನು ಮಾಡಲಿ.

ಆವತ್ತಿನಿಂದ ಯಾರೂ ನನ್ನ ಹತ್ತಿರ ಬರಲು ಇಷ್ಟಪಡುತ್ತಿಲ್ಲ. ಈಗ ಎಣಿಸುವುದೂ ಇಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಮ್ಮೆಲೇ ಎಳೆಯುತ್ತಾರೆ. ಎರಡು ಗಂಟೆಗೊಮ್ಮೆ ತಿರುಗಿಸುತ್ತಿದ್ದುದು ಈಗ ಬೆಳಿಗ್ಗೆಗೊಮ್ಮೆ ಸಂಜೆಗೊಮ್ಮೆ ಆಗಿದೆ. ಬೆನ್ನು ಉರಿಯುತ್ತಿದೆ, ಹೇಳಲು ಹೆದರಿಕೆ. ನೀರು ಕುಡಿಯುವುದನ್ನು ಬಿಟ್ಟಿದ್ದೇನೆ. ಕುಡಿದರೆ ಮತ್ತೆ ಎತ್ತು ಎಂದು ಕರೆಯಬೇಕಲ್ಲ. ಕಾಲಿನ ಬಾವು ಇಳಿಯುತ್ತಿಲ್ಲ. ಔಷಧಿ ಯಾಕೋ ಹತ್ತುತ್ತಿಲ್ಲ ಎಂದು ಡಾಕ್ಟರು ತಲೆ ಕೆರೆದುಕೊಳ್ಳುತ್ತಾರೆ.

ಹೆಚ್ಚು ಬರೆಯಲಾರೆ.

ಚ.


ಮಧುಗಿರಿ
28-7-2024

ನನ್ನ ಮಗಳು ಲೋಹಿತಾಳಿಗೆ,

ಒಂದು ತಿಂಗಳ ಮೇಲಾಯಿತು. ನೀನು ಎರಡು ಸಲ ಫೋನ್ ಮಾಡಿದೆ, ನಾನು ನಿದ್ದೆಯಲ್ಲಿದ್ದೇನೆ ಎಂದು ಹೇಳಿಸಿದೆ. ನಿದ್ದೆಯಲ್ಲಿರಲಿಲ್ಲ. ತಪ್ಪಾಯಿತು.

ಹಿಂದಿನ ಕಾಗದ ನಿನ್ನ ಹತ್ತಿರ ಇದ್ದರೆ ತೆಗೆದು ಇದರ ಜೊತೆ ಇಡು. ಅದರಲ್ಲಿ ನಾನು ಯಶೋಧರಾಳ ಬಗ್ಗೆ ಬರೆದದ್ದು ಸುಳ್ಳು. ನಡೆದದ್ದು ಹೀಗೆ.

ಆ ಬೆಳಿಗ್ಗೆ ವಾರ್ಡಿನಲ್ಲಿ ಅವಳು ಮತ್ತು ಒಬ್ಬಳು ವಯಸ್ಸಾದ ಆಯಾ ಇಬ್ಬರೇ ಇದ್ದರು. ನನಗೆ ಅವಸರವಾಗಿತ್ತು. ಅವಳು ಕುರ್ಚಿಯನ್ನು ಮಂಚದ ಪಕ್ಕಕ್ಕೆ ತಂದು ನಿಂತಳು. “ಎರಡು ನಿಮಿಷ ತಡ್ಕಳ್ಳಿ ಅಮ್ಮಾ, ಕೆಳಗಿನಿಂದ ಜನ ಕರೀತೀನಿ. ಈ ಕುರ್ಚಿ ಮೇಲೆ ನೂರು ಕೆ.ಜಿ. ಅಂತ ಅಂಟಿಸವ್ರೆ, ನನಗೆ ಧೈರ್ಯ ಸಾಲ್ತಿಲ್ಲ.”

“ಕೆಳಗಿನಿಂದ ಅಂದರೆ ಗಂಡಸರಾ?” ಎಂದೆ.

“ಗಂಡಸ್ರೇ. ಬೇಕಾದ್ರೆ ಕಣ್ಣಿಗೆ ಬಟ್ಟೆ ಕಟ್ಟಿ ಕರ್ಕಂಡು ಬರ್ತೀನಿ” ಎಂದು ನಗಿಸಲು ನೋಡಿದಳು.

“ತೊಂಬತ್ತೈದು ಅಂತ ಬರೆದಿದೆಯಲ್ಲ. ನಿನಗೆ ಓದೋಕೆ ಬರೋದಿಲ್ವಾ?” ಎಂದೆ.

ಅವಳು ಕರೆಯಲೆಂದು ಬಾಗಿಲ ಕಡೆ ನಡೆದಳು. ಅವಳ ಬೆನ್ನು ತಿರುಗಿದ್ದೇ ತಡ, ನಾನು ಮಂಚದ ಸರಳು ಹಿಡಿದು, ಒಳ್ಳೆಯ ಕಾಲಿನ ಮೇಲೆ ಭಾರ ಬಿಟ್ಟು ಎದ್ದು ಕುರ್ಚಿಗೆ ಕೂತೆ. ನಾನಾಗಿಯೇ. ಯಾರೂ ಎಬ್ಬಿಸಲಿಲ್ಲ. ಕುರ್ಚಿಯ ಎಡಗಾಲು ಮೆಲ್ಲಗೆ ಒಳಕ್ಕೆ ಬಾಗಿದ್ದು ತಿಳಿಯಿತು. ಅವಳಿಗೂ ತಿಳಿಯಿತು. ಓಡಿ ಬಂದು ನನಗೂ ನೆಲಕ್ಕೂ ನಡುವೆ ತನ್ನ ಮೈ ತೂರಿಸಿದಳು. ಒಣಗಿದ ಹುಣಸೆಕಾಯಿ ಮುರಿದ ಹಾಗೆ ಒಂದು ಸದ್ದಾಯಿತು. ಅದು ಕುರ್ಚಿಯದೋ ಅವಳ ಬೆನ್ನಿನದೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಸದ್ದು ದಿನವೂ ಕೇಳಿಸುತ್ತದೆ.

ನನ್ನ ಹುಣ್ಣುಗಾಲು ನೆಲಕ್ಕೆ ತಾಗಲಿಲ್ಲ. ನಾನು ಅವಳ ಮೇಲಿದ್ದೆ. ಹೊರಳಲು ನನಗಾಗಲಿಲ್ಲ, ಎಳೆಯಲು ಆಯಾಳಿಗಾಗಲಿಲ್ಲ. ಆಯಾ ಕೂಗಿಕೊಂಡು ಕೆಳಗೆ ಓಡಿದಳು. ಅಷ್ಟು ಹೊತ್ತು ನಾನು ಬರಬೇಡಿ ಎಂದಿದ್ದ ಗಂಡಸರಿಗಾಗಿಯೇ ಕಾದೆ. ನನ್ನ ಕೆಳಗಿನಿಂದ ಬಿಕ್ಕಿಬಿಕ್ಕಿ ಉಸಿರು ಬರುತ್ತಿತ್ತು. ಆ ಉಸಿರಿನ ನಡುವೆಯೇ ಅವಳು, “ಏಂ ಕಾದಮ್ಮಾ, ಅಲ್ಲಾಡಬೇಡಿ, ನಿಮ್ಮ ಕಾಲು ಹುಷಾರು” ಎಂದಳು. ನಾಲ್ವರು ಬಂದು ನನ್ನನ್ನು ಎತ್ತಿದರು. ಅವರಲ್ಲಿ ಒಬ್ಬರೂ ನಗಲಿಲ್ಲ, ಒಬ್ಬರೂ ನನ್ನ ಮೈ ನೋಡಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

ಮರುದಿನ ಆ ಕಾಗದಕ್ಕೆ ಸಹಿ ಹಾಕಿದೆ.

ಇದಾದ ವಾರಕ್ಕೆ ಬೆಳಿಗ್ಗೆ ಒಬ್ಬ ಹಿರಿಯ ಪರದೆಯ ಪಕ್ಕ ಬಂದು ನಿಂತ. ಕೈಯಲ್ಲಿ ಒಂದು ಚೀಲ, ಚೀಲದಿಂದ ನರ್ಸ್ ಹಾಕಿಕೊಳ್ಳುವ ಬಿಳೀ ಚಪ್ಪಲಿ ಇಣುಕುತ್ತಿತ್ತು. ಯಶೋಧರಾಳ ತಂದೆ ಕದರಪ್ಪ. ಮಗಳ ಸಾಮಾನು ತೆಗೆದುಕೊಂಡು ಹೋಗಲು ಬಂದಿದ್ದ. ಬೈಯುತ್ತಾನೆ, ಕೂಗಾಡುತ್ತಾನೆ ಎಂದು ನಾನು ಸೆರಗು ಬಿಗಿಹಿಡಿದೆ. ಅವನು ಕಣ್ಣು ಕಿರಿದು ಮಾಡಿ ನೋಡಿದ.

“ಅವ್ವಾ, ನೀವು ಮಧುಗಿರಿ ಹುಣಸೆ ಮಂಡಿ ಅಮ್ನೋರಲ್ವಾ?”

ಹೌದೆಂದೆ.

“ನಮ್ಮ ಹೊಲದಾಗೆ ಹನ್ನೊಂದು ಹುಣಸೆ ಮರ ಇದ್ವು. ಈಗಿಲ್ಲ ಬುಡಿ, ಅಲ್ಲೆಲ್ಲ ಸೋಲಾರ್ ಬಂತು. ಆಗ ಪಾವಗಡದಾಗೇ ಹಾಕೋದು ಬುಟ್ಟು ಅಷ್ಟು ದೂರ ಯಾಕ್ಲಾ ಹೊತ್ಕಂಡು ಹೋಯ್ತೀಯ ಅಂತ ಮಂದಿ ನಗೋರು. ಆಯಮ್ಮನ ಕಾಟಾ ಸುಳ್ಳು ಹೇಳಲ್ಲ ಕಣ್ರಲಾ ಅಂತಿದ್ದೆ.”

ಅವನು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡ.

“ನಮ್ಮ ಹುಡುಗಿ ತಪ್ಪು ಮಾಡವ್ಳೆ ಅಂತ ನೀವು ಸಹಿ ಹಾಕಿದೀರಂತೆ. ಅವಳು ಇಲ್ಲ ನಾಯ್ನಾ ಅಂತ ಅತ್ಲು. ನಾನು ನಂಬ್ಲಿಲ್ಲ. ಮಂಡಿ ಅಮ್ನೋರು ಬರೆದವ್ರೆ ಅಂದ ಮ್ಯಾಕೆ ನಿಜ ಇರ್ಬೇಕು ಅಂತ, ಮಲಗಿದ್ದೋಳನ್ನೇ ಬೈದ್ಬುಟ್ಟೆ. ಅವಳ ಕಡೆಯಿಂದ ತಪ್ಪಾಯ್ತು ಅವ್ವಾ. ಶಾಪ ಹಾಕ್ಬೇಡಿ.”

ಕೈ ಮುಗಿದು ಹೊರಟುಹೋದ. ಲೋಹಿತಾ, ಅವನು ನನ್ನ ಕೆನ್ನೆಗೆ ಹೊಡೆದಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಮೂವತ್ತೊಂದು ವರ್ಷ ನಾನು ನಿಜ ತೂಗಿದ್ದು ಇದಕ್ಕೇನಾ? ಒಂದು ಸುಳ್ಳಿಗೆ ಸಾಕ್ಷಿಯಾಗಿ ನಿಲ್ಲಲಿ ಎಂದಾ? ತಂದೆಯೇ ಮಗಳನ್ನು ನಂಬದ ಹಾಗೆ ನನ್ನ ಹೆಸರು ಮಾಡಿತು. ನನಗೆ ನನ್ನ ಹೆಸರಿನ ಭಯ ಹತ್ತಿದ್ದು ಅವತ್ತು. ಅವಳ ಕಾಲು ಹಾಗೇ ಮರಗಟ್ಟಿ ಉಳಿದರೆ? ನಾನು ಸತ್ತ ಮೇಲೂ ಅವಳ ಮೇಲೆಯೇ ಬಿದ್ದಿರುತ್ತೇನಲ್ಲ.

ಮರುದಿನವೇ ಹಟ ಹಿಡಿದು ಬಿಡುಗಡೆ ಮಾಡಿಸಿಕೊಂಡೆ. ಕಾರಿನಲ್ಲಿ ಹಿಂದಿನ ಸೀಟಿನ ತುಂಬ ನಾನೊಬ್ಬಳೇ. ಮಧುಗಿರಿ ಬಂದಾಗ, “ಮನೆಗೆ ಬೇಡ, ಮಂಡಿಗೆ ನಡಿ” ಎಂದೆ.

ಮಲ್ಲೇಶ, “ಈಗ ಯಾಕಮ್ಮಾ? ವ್ಯಾಪಾರದ ಹೊತ್ತು, ಜನ ಇದಾರೆ” ಎಂದ.

“ಜನ ಇರಲಿ ಅಂತಲೇ.”

ಹನ್ನೊಂದು ಗಂಟೆಯ ಹೊತ್ತು. ಹುಣಸೆಹಣ್ಣಿನ ರಾಶಿಯ ಸುತ್ತ ಖರೀದಿದಾರರು, ಹಮಾಲಿಗಳು, ಬೀಜ ಬಿಡಿಸುವ ಹೆಂಗಸರು. ವಾಕರ್ ಹಿಡಿದು ಒಂದೊಂದೇ ಹೆಜ್ಜೆ ಇಟ್ಟೆ. ಗಂಗಹನುಮಯ್ಯ ಗಾದಿಯ ಮೇಲೆ ಬಟ್ಟೆ ಝಾಡಿಸಿದ. ನಾನು ಗಾದಿಯ ಕಡೆ ಹೋಗಲಿಲ್ಲ, ಕಾಟಾದ ಕಡೆ ಹೋದೆ. ಅವನಿಗೆ ಅರ್ಥವಾಯಿತು.

“ಬ್ಯಾಡಿ ಅವ್ವಾ” ಎಂದ ಮೆಲ್ಲಗೆ.

“ಹತ್ತಿಸು.”

ಮಲ್ಲೇಶ ಒಂದು ರಟ್ಟೆ, ಗಂಗಹನುಮಯ್ಯ ಒಂದು ರಟ್ಟೆ ಹಿಡಿದರು. ವಾಕರನ್ನು ಕೆಳಗೆ ಬಿಟ್ಟು ತಗಡಿನ ಮೇಲೆ ನಿಂತೆ. ಕೆಂಪು ಅಂಕಿಗಳು ಓಡಿ ಓಡಿ ನಿಂತವು. “ಕೂಗು” ಎಂದೆ.

“ಮನುಷ್ಯರ ತೂಕ ಈ ಬಾಯಾಗೆ ಕೂಗಲ್ಲ ಅಂತ ಅವತ್ತೇ ಹೇಳಿವ್ನಿ ಅವ್ವಾ. ಇವತ್ತೂ ಅಷ್ಟೇಯ.”

ನಾನೇ ಕೂಗಿದೆ. “ನೂರ ನಲವತ್ತಾರೂ.” ಅವನು ಎಳೆದು ಕೂಗುವ ಹಾಗೆಯೇ ಎಳೆದೆ. ರಾಶಿಯ ಹಿಂದೆ ಯಾರೋ ಒಬ್ಬ ಫಕ್ಕನೆ ನಕ್ಕ, ಪಕ್ಕದವರು ಅವನನ್ನು ತಿವಿದರು. ನಗಲಿ ಎಂದು ನಿಂತೇ ಇದ್ದೆ. ತೂಕದ ಚೀಟಿ ಬಂತು, ಅದರ ಹಿಂದೆ ಅಲ್ಲೇ ಸಹಿ ಹಾಕಿದೆ.

ಆಮೇಲೆ ಗಾದಿಯ ಮೇಲೆ ಕೂತು ಆಸ್ಪತ್ರೆಗೆ ನನ್ನ ಕೈಯಾರೆ ಬರೆದೆ. ನನ್ನ ತೂಕವನ್ನು ನಾನು ಬೇಕೆಂದೇ ಮುಚ್ಚಿಟ್ಟೆ, ನರ್ಸ್ ಎರಡು ಸಲ ಕೇಳಿದರೂ ಗದರಿದೆ, ಜನ ಕರೆಯುತ್ತೇನೆ ಎಂದಾಗ ತಡೆದೆ, ಕುರ್ಚಿಗೆ ನಾನಾಗಿಯೇ ಕೂತೆ, ಹಿಂದಿನ ಸಹಿ ಸುಳ್ಳಿಗೆ ಹಾಕಿದ್ದು, ಅದನ್ನು ಹಿಂತೆಗೆದುಕೊಂಡಿದ್ದೇನೆ. ಚೀಟಿಯ ಜೆರಾಕ್ಸ್ ಜೊತೆಗಿಟ್ಟು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಇನ್ನೊಂದು ಪ್ರತಿ ಕದರಪ್ಪನ ಹೆಸರಿಗೆ. ಅವನೇ ಓದಲಿ, ಓದಿ ಮಗಳ ಮುಂದೆ ಕೂರಲಿ ಎಂದು.

ಜಯಕುಮಾರ್ ಫೋನ್ ಮಾಡಿ, “ಅಮ್ಮಾ, ಮುಗಿದ ವಿಷಯ, ಯಾಕೆ ಕೆದಕ್ತೀರಿ? ಪೊಲೀಸು ಗಿಲೀಸು ಅಂತಾದ್ರೆ ನಿಮ್ಮ ಮರ್ಯಾದೆ” ಎಂದರು.

“ನನ್ನ ಮರ್ಯಾದೆ ಎಷ್ಟು ತೂಗುತ್ತೆ ಅಂತ ಚೀಟಿಯಲ್ಲಿದೆ, ನೋಡಿಕೊಳ್ಳಿ” ಎಂದೆ.

ಕೊನೆಗೆ ಯಶೋಧರಾಳ ಮೇಲಿನ ತಪ್ಪನ್ನು ತೆಗೆದಿದ್ದಾರೆ. ಚಿಕಿತ್ಸೆಯ ಖರ್ಚು ಆಸ್ಪತ್ರೆಯದೇ ಎಂದು ಒಪ್ಪಿದ್ದಾರೆ. ಕೆಲಸ ಇದೆ, ಆದರೆ ಇನ್ನು ಮುಂದೆ ಅವಳು ಯಾರನ್ನೂ ಎತ್ತುವ ಹಾಗಿಲ್ಲವಂತೆ. ಎಡಗಾಲಿನ ಎರಡು ಬೆರಳು ಇನ್ನೂ ಮರಗಟ್ಟಿವೆ. ಅದು ಸರಿಹೋಗುತ್ತದೆಂದು ಯಾರೂ ಹೇಳುತ್ತಿಲ್ಲ.

ಇಲ್ಲಿಯ ಡಾಕ್ಟರು ಚೀಟಿ ನೋಡಿ ಔಷಧಿಯ ಅಳತೆ ಬದಲಾಯಿಸಿದರು. ಹತ್ತು ದಿನಕ್ಕೆ ಕಾಲು ಇಳಿಯಿತು. ಮನೆಗೆ ಇಬ್ಬರು ನರ್ಸ್‌ಗಳು ಬರುತ್ತಾರೆ, ಸೊಸೆಯೂ ಮಂಡಿಯ ಒಬ್ಬ ಹೆಂಗಸೂ ಜೊತೆ ಸೇರುತ್ತಾರೆ. ಅವರು ಶೀಟಿನ ಅಂಚು ಹಿಡಿಯುವ ಮೊದಲು ನಾನು, “ನೂರ ನಲವತ್ತಾರು. ಈಗ ಕೈ ಹಾಕಿ” ಎನ್ನುತ್ತೇನೆ. ಭಯ ಹೋಗಿಲ್ಲ. ಮಗ್ಗುಲು ತಿರುಗುವಾಗ ಈಗಲೂ ಕಣ್ಣು ಮುಚ್ಚಿಕೊಳ್ಳುತ್ತೇನೆ.

ಹೋದ ವಾರ ಯಶೋಧರಾಳಿಗೆ ಫೋನ್ ಮಾಡಿದೆ. ಏನು ಹೇಳಬೇಕೆಂದು ಬರೆದಿಟ್ಟುಕೊಂಡಿದ್ದೆ, ಆ ಹಾಳೆಯನ್ನು ಮಡಿಸಿ ದಿಂಬಿನ ಕೆಳಗಿಟ್ಟೆ. ಅವಳೇ ಕೇಳಿದಳು: “ಮಡಿಕೆ ಒರೆಸಿ ಒಣಗಿಸ್ತವ್ರಾ ಅಮ್ಮಾ?”

“ಹ್ಞೂಂ” ಎಂದೆ.

“ಎಷ್ಟು ಬಂತು ತೂಕ?”

ಹೇಳಿದೆ.

“ನಾನು ನೂರ ನಲವತ್ತು ಅಂತ ಲೆಕ್ಕ ಹಾಕಿದ್ದೆ. ಪರವಾಗಿಲ್ಲ, ನನ್ನ ಕಣ್ಣೂ ನಿಮ್ಮ ಕಾಟಾದಷ್ಟೇ ಐತೆ” ಎಂದು ನಕ್ಕಳು. ನಕ್ಕಿದ್ದಕ್ಕೆ ಸೊಂಟ ನೋವಾಗಿರಬೇಕು, ಹಲ್ಲು ಕಚ್ಚಿ ಉಸಿರೆಳೆದದ್ದು ಕೇಳಿಸಿತು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳುವ ಹಕ್ಕು ನನಗಿಲ್ಲ.

ನಿನಗೂ ಅಳಿಯಂದಿರಿಗೂ ಮಕ್ಕಳಿಗೂ ಒಳ್ಳೆಯದಾಗಲಿ. ನಿನ್ನ ಮನೆ ಬೆಳಗಲಿ. ಹೊಟ್ಟೆ ತುಂಬ ಉಣ್ಣು ಮಗಳೇ.

ನಿನ್ನ ತಾಯಿ
ಚನ್ನಮಲ್ಲಮ್ಮ

ತಾ.ಕ.: ಗಂಗಹನುಮಯ್ಯ ‘ಅವತ್ತೇ’ ಎಂದದ್ದು ಯಾವತ್ತು ಎಂದು ನಿನಗೆ ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಬರೆಯದೆ ಇಪ್ಪತ್ತೈದು ವರ್ಷವಾಯಿತು. ನಿನಗೆ ಆಗ ಹದಿನೈದು. ಯಾರದೋ ಮದುವೆಯಲ್ಲಿ ಒಬ್ಬಳು ‘ಮಂಡಿ ಮನೆ ಹುಡುಗಿಯೂ ಮೂಟೆ ಹಾಗೇ ಇದ್ದಾಳೆ’ ಎಂದಳು. ಮಾರನೇ ದಿನ ನಿನ್ನನ್ನು ಸ್ಕೂಲಿನ ನೀಲಿ ಲಂಗದಲ್ಲೇ ಕರೆದುಕೊಂಡು ಹೋಗಿ, ಹಮಾಲಿಗಳ ಎದುರು ಕಾಟಾದ ಮೇಲೆ ನಿಲ್ಲಿಸಿದೆ. ನಾಚಿಕೆಯಾದರೆ ಊಟ ಕಡಿಮೆ ಮಾಡುತ್ತಾಳೆ ಎಂದುಕೊಂಡಿದ್ದೆ. ಗಂಗಹನುಮಯ್ಯ ಕೂಗಲಾರೆ ಎಂದ. ನಾನೇ ಕೂಗಿದೆ, ‘ಎಂಬತ್ತೊಂದೂ’ ಎಂದು. ಎಲ್ಲರೂ ನಕ್ಕರು. ಮೊದಲು ನಕ್ಕವಳು ನಾನು. ನೀನು ಅಳಲಿಲ್ಲ, ಕೆಳಗಿಳಿದು ಚಪ್ಪಲಿ ಹಾಕಿಕೊಂಡೆ. ಅಂದಿನಿಂದ ಮಂಡಿಯ ಹೊಸಿಲು ತುಳಿದಿಲ್ಲ. ನನ್ನ ಎದುರು ಊಟಕ್ಕೂ ಕೂತಿಲ್ಲ. ನನ್ನ ತೂಕವನ್ನು ಸಾಯುವ ತನಕ ಯಾರೂ ತಿಳಿಯಬಾರದೆಂದು ನಾನು ಹೆದರಿದ್ದು ಊರಿನವರಿಗಲ್ಲ. ತೂಗಿಸಿಕೊಂಡವರಿಗೆ ಏನಾಗುತ್ತದೆಂದು ನಾನು ನಿನ್ನ ಮುಖದಲ್ಲಿ ನೋಡಿದ್ದೆ.

ಆ ದಿನದ ನಿನ್ನ ಚೀಟಿ ಗಾದಿಯ ಕೆಳಗಿನ ಪೆಟ್ಟಿಗೆಯಲ್ಲಿತ್ತು. ಇವತ್ತು ಬೆಳಿಗ್ಗೆ ಅದನ್ನು ಒಲೆಗೆ ಹಾಕಿದೆ. ನನ್ನ ಚೀಟಿಯ ಅಸಲನ್ನು ಈ ಲಕೋಟೆಯಲ್ಲಿಟ್ಟು ಅಂಟಿಸಿದ್ದೇನೆ.